ನಮ್ಮ ಕಾಲದ ಸಿನಿಮಾವೇ ಏಕೆ ಚೆನ್ನಾಗಿತ್ತು?

2025ರ ಮಾರ್ಚ್ ತಿಂಗಳಿನಲ್ಲಿ ‘ಅಪ್ಪು’ ಚಿತ್ರ ಮತ್ತೆ ತೆರೆಗೆ ಬಂದಿತು. 2002ರಲ್ಲಿ ಬಿಡುಗಡೆಯಾಗಿ, ಆಮೇಲೆ ಟಿ.ವಿ.ಯಲ್ಲಿ ಲೆಕ್ಕವಿಡಲಾಗದಷ್ಟು ಸಲ ಪ್ರಸಾರವಾಗಿ, ಹಾಡುಗಳೆಲ್ಲ ಜನರ ಮೊಬೈಲಿನಲ್ಲೇ ಸಿಗುವ ಚಿತ್ರವದು. ಆದರೂ ಬೆಂಗಳೂರಿನ ಪ್ರೇಕ್ಷಕರು ಟಿಕೆಟ್ ಕೊಂಡು ಒಳಗೆ ಹೋಗಿ, ಮುಂದಿನ ಮಾತೇನೆಂದು ಮೊದಲೇ ಗೊತ್ತಿದ್ದ ದೃಶ್ಯಗಳಿಗೆ ಶಿಳ್ಳೆ ಹಾಕಿದರು. 2021ರಲ್ಲಿ ನಮ್ಮನ್ನಗಲಿದ ಪುನೀತ್ ರಾಜ್‌ಕುಮಾರ್ ಅವರ ಮೇಲಿನ ಪ್ರೀತಿ ಇದಕ್ಕೆ ದೊಡ್ಡ ಕಾರಣವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೊಂದೇ ಕಾರಣವಾಗಿದ್ದರೆ, ಉಪೇಂದ್ರ ಇನ್ನೂ ಹೊಸ ಚಿತ್ರಗಳನ್ನು ಮಾಡುತ್ತಿರುವಾಗಲೇ ಅವರ 1998ರ ‘ಎ’ 2024ರಲ್ಲಿ ಮರುಬಿಡುಗಡೆಯಾದದ್ದು, 1995ರ ‘ಓಂ’ ಮೂರು ದಶಕಗಳಲ್ಲಿ ನೂರಾರು ಸಲ ಚಿತ್ರಮಂದಿರಗಳಿಗೆ ಮರಳಿದ್ದು ಇವು ಯಾವುವೂ ಅರ್ಥವಾಗುವುದಿಲ್ಲ.

ಇಂಥ ಸಂದರ್ಭದಲ್ಲಿ ನಮ್ಮ ನಡುವೆ ಎರಡು ಮಾತುಗಳು ಕೇಳಿಬರುತ್ತವೆ. ಆಗಿನ ಸಿನಿಮಾಗಳು ನಿಜಕ್ಕೂ ಚೆನ್ನಾಗಿದ್ದವು, ಈಗಿನವರಿಗೆ ಕಥೆ ಕಟ್ಟಲು ಬರುವುದಿಲ್ಲ ಎಂಬುದು ಮೊದಲನೆಯದು. ಇದೆಲ್ಲ ವಯಸ್ಸಾದವರ ಭ್ರಮೆ, ಪ್ರತಿಯೊಂದು ತಲೆಮಾರೂ ಹೀಗೆಯೇ ಹೇಳುತ್ತ ಬಂದಿದೆ ಎಂಬುದು ಎರಡನೆಯದು. ಎರಡರಲ್ಲೂ ಸತ್ಯವಿದೆ, ಆದರೆ ಎರಡೂ ಬೇರೆ ಬೇರೆ ವಿಷಯಗಳನ್ನು ಕುರಿತ ಮಾತುಗಳು. ಮೊದಲನೆಯದು ಸಿನಿಮಾ ನೋಡುವ ವ್ಯವಸ್ಥೆ ಬದಲಾದುದಕ್ಕೆ ಸಂಬಂಧಿಸಿದ್ದು, ಎರಡನೆಯದು ಮನುಷ್ಯನ ನೆನಪು ಕೆಲಸ ಮಾಡುವ ರೀತಿಗೆ ಸಂಬಂಧಿಸಿದ್ದು. ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಹೇಳುವುದರಿಂದಲೇ ಮನೆಯ ಹಜಾರದಲ್ಲಿ ನಡೆಯುವ ಈ ವಾದ ಯಾವತ್ತೂ ಮುಗಿಯುವುದಿಲ್ಲ.

ನೆನಪಿನಿಂದ ಆರಂಭಿಸೋಣ. ನಲವತ್ತು ದಾಟಿದ ಯಾರಿಗಾದರೂ ‘ಮಳೆ’, ‘ಕಿಟಕಿ’ ಎಂಬಂಥ ಒಂದೊಂದೇ ಪದವನ್ನು ಕೊಟ್ಟು, ಅದರಿಂದ ಮನಸ್ಸಿಗೆ ಬಂದ ಘಟನೆ ತಮ್ಮ ಎಷ್ಟನೆಯ ವಯಸ್ಸಿನದೆಂದು ಕೇಳುತ್ತ ಹೋದರೆ, ಉತ್ತರಗಳು ಬದುಕಿನ ಉದ್ದಕ್ಕೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಇತ್ತೀಚಿನ ಕೆಲವು ವರ್ಷಗಳ ನೆನಪುಗಳು ಸಹಜವಾಗಿಯೇ ಹೆಚ್ಚಿರುತ್ತವೆ. ಅವನ್ನು ಬಿಟ್ಟರೆ, ಸುಮಾರು ಹತ್ತರಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ನಡೆದ ಘಟನೆಗಳೇ ನಿರೀಕ್ಷೆಗಿಂತ ಬಹಳ ಹೆಚ್ಚು ಸಂಖ್ಯೆಯಲ್ಲಿ ಎದ್ದು ಬರುತ್ತವೆ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ರೂಬಿನ್ ಮತ್ತು ಸಂಗಡಿಗರು 1986ರಲ್ಲಿ ಹಲವು ಅಧ್ಯಯನಗಳ ಅಂಕಿಗಳನ್ನು ಒಟ್ಟುಗೂಡಿಸಿ ಇದನ್ನು ತೋರಿಸಿದರು. ವಯಸ್ಸನ್ನು ಅಡ್ಡಗೆರೆಯಲ್ಲಿಟ್ಟು ನಕ್ಷೆ ಬರೆದರೆ ಆ ಭಾಗ ಗುಡ್ಡದಂತೆ ಕಾಣುವುದರಿಂದ ಇದನ್ನು ‘ನೆನಪಿನ ಉಬ್ಬು’ ಎಂದು ಕರೆಯುತ್ತಾರೆ.

ಈ ಉಬ್ಬು ಏಕೆ ಉಂಟಾಗುತ್ತದೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ, ಅವು ಒಂದನ್ನೊಂದು ತಳ್ಳಿಹಾಕುವುದೂ ಇಲ್ಲ. ಆ ವಯಸ್ಸಿನಲ್ಲಿ ಎಲ್ಲವೂ ಮೊದಲ ಬಾರಿಗೆ ನಡೆಯುತ್ತದೆ: ಮನೆಯವರಿಲ್ಲದೆ ಸ್ನೇಹಿತರೊಡನೆ ಹೋದ ಮೊದಲ ಮ್ಯಾಟಿನಿ, ಮೊದಲ ಸಂಬಳ, ಮೊದಲ ಪ್ರೀತಿ. ಹೊಸದನ್ನು ಮೆದುಳು ಹಳೆಯದಕ್ಕಿಂತ ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ನಾನು ಯಾರು, ನನಗೆ ಯಾವುದು ಹಿಡಿಸುತ್ತದೆ, ನಾನು ಯಾರ ಕಡೆಯವನು ಎಂಬ ನಿರ್ಧಾರಗಳೂ ಆಗಲೇ ಆಗುತ್ತವೆ. ಅಂಥ ನಿರ್ಧಾರಕ್ಕೆ ಅಂಟಿಕೊಂಡ ನೆನಪನ್ನು ಮುಂದೆ ನಾವೇ ಮತ್ತೆ ಮತ್ತೆ ಹೊರತೆಗೆದು ಬಳಸುವುದರಿಂದ ಅದು ಮಾಸುವುದಿಲ್ಲ. ರಾಜ್‌ಕುಮಾರ್ ಅಭಿಮಾನಿಯೋ ವಿಷ್ಣುವರ್ಧನ್ ಅಭಿಮಾನಿಯೋ ಎಂಬ ಪ್ರಶ್ನೆಗೆ ಒಂದು ಕಾಲದ ಬೆಂಗಳೂರಿನ ಹುಡುಗನೊಬ್ಬ ಕೊಡುತ್ತಿದ್ದ ಉತ್ತರ ಸಿನಿಮಾ ಕುರಿತದ್ದು ಮಾತ್ರವೇ ಆಗಿರಲಿಲ್ಲ. ಅವನು ಯಾವ ಬೀದಿಯ ಗುಂಪಿನಲ್ಲಿ ಸಲ್ಲುತ್ತಾನೆ ಎಂಬುದನ್ನೂ ಅದು ಹೇಳುತ್ತಿತ್ತು.

ಈಗ ಈ ಉಬ್ಬನ್ನು ಕನ್ನಡ ಚಿತ್ರಗಳ ಇಸವಿಗಳ ಮೇಲೆ ಇಟ್ಟು ನೋಡಬಹುದು. 1955ರಲ್ಲಿ ಹುಟ್ಟಿದವರಿಗೆ ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’ ಬಂದ 1972ರಲ್ಲಿ ಹದಿನೇಳು. 1970ರಲ್ಲಿ ಹುಟ್ಟಿದವರಿಗೆ 1987ರ ‘ಪ್ರೇಮಲೋಕ’ದ ಹೊತ್ತಿಗೆ ಹದಿನೇಳು. 2006ರ ಡಿಸೆಂಬರ್ ಕೊನೆಯಲ್ಲಿ ‘ಮುಂಗಾರು ಮಳೆ’ ಬಂದಾಗ ಹದಿನೇಳು ತುಂಬಿದ್ದವರು 1989ರಲ್ಲಿ ಹುಟ್ಟಿದವರು. ಈ ಮೂವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕನ್ನಡ ಚಿತ್ರರಂಗದ ಸುವರ್ಣಯುಗ ಯಾವುದೆಂದು ಕೇಳಿದರೆ ಬರುವ ಉತ್ತರಗಳನ್ನು ಊಹಿಸುವುದು ಕಷ್ಟವಲ್ಲ. ವಿಮರ್ಶಕರು ಬರೆಯುವ ಇತಿಹಾಸಕ್ಕೂ ಈ ದೋಷ ತಟ್ಟದೆ ಇಲ್ಲವೆಂಬುದು ನನ್ನ ಅನುಮಾನ, ಏಕೆಂದರೆ ವಿಮರ್ಶಕರಿಗೂ ಒಮ್ಮೆ ಹದಿನೇಳು ವರ್ಷವಾಗಿತ್ತು.

ಇದು ಕೇವಲ ನೆನಪಿನ ಸಂಖ್ಯೆಯ ಮಾತಲ್ಲ, ಇಷ್ಟದ ಮಾತೂ ಹೌದು. ಮಾರುಕಟ್ಟೆ ತಜ್ಞರಾದ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಷಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ವಯಸ್ಸಿನವರಿಗೆ ಹಲವು ದಶಕಗಳ ಜನಪ್ರಿಯ ಹಾಡುಗಳನ್ನು ಕೇಳಿಸಿ ಅಂಕ ಕೊಡಲು ಹೇಳಿದರು. ಕೇಳುಗರಿಗೆ ಸುಮಾರು ಇಪ್ಪತ್ನಾಲ್ಕು ವರ್ಷವಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳಿಗೇ ಅತಿ ಹೆಚ್ಚು ಅಂಕ ಬಿದ್ದಿತು. ಮುಂದಿನ ಕೆಲವು ಅಧ್ಯಯನಗಳಲ್ಲಿ ಈ ವಯಸ್ಸು ಇನ್ನೂ ಕೆಳಗೆ, ಹದಿಹರೆಯದ ಕಡೆಗೆ ಇಳಿದದ್ದೂ ಉಂಟು. ನಮ್ಮಲ್ಲಿ ಇದಕ್ಕೆ ಸೊಗಸಾದ ಉದಾಹರಣೆಯೊಂದಿದೆ. ರಾಜ್‌ಕುಮಾರ್ ಅವರಿಗೆ ಬಹುಕಾಲ ತೆರೆಯ ಮೇಲೆ ಹಾಡಿನ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ಬಹುಪಾಲು ತಾವೇ ಹಾಡತೊಡಗಿದರು. ನಟ ಅವರೇ, ಮುಖ ಅದೇ, ಆದರೆ ದನಿ ಬೇರೆಯಾಯಿತು. ಅಣ್ಣಾವ್ರ ಮುಖಕ್ಕೆ ಯಾವ ದನಿ ಸರಿಯಾಗಿ ಹೊಂದುತ್ತದೆ ಎಂದು ಕೇಳಿದಾಗ ಹಿರಿಯರೊಬ್ಬರು ತಡವರಿಸದೆ ಒಂದನ್ನು ಆರಿಸಿಕೊಂಡರೆ, ಅವರು ಯಾವ ದಶಕದಲ್ಲಿ ಕಾಲೇಜಿನಲ್ಲಿದ್ದರೆಂದು ಬಹುಮಟ್ಟಿಗೆ ಹೇಳಿಬಿಡಬಹುದು.

ನೆನಪು ಗಟ್ಟಿಯಾಗಲು ವಯಸ್ಸಿನ ಜೊತೆಗೆ ಪುನರಾವರ್ತನೆಯೂ ಬೇಕು. ಒಂದು ವಸ್ತುವನ್ನು ಪದೇ ಪದೇ ಕಂಡರೆ ಸಾಕು, ಬೇರೆ ಕಾರಣವಿಲ್ಲದೆಯೂ ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಯಾನ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಒಂದು ಚಿತ್ರದ ಹಾಡು ವಿವಿಧ ಭಾರತಿಯಿಂದ, ಗಣೇಶೋತ್ಸವದ ಪೆಂಡಾಲಿನಿಂದ, ದೂರದರ್ಶನದಿಂದ ಕೇಳಿಬರುತ್ತಿತ್ತು. ಆಯ್ಕೆಗಳು ಕಡಿಮೆಯಿದ್ದುದರಿಂದ ಇಡೀ ಊರಿಗೆ ಊರೇ ಅದೇ ಹಾಡನ್ನು ಕೇಳುತ್ತಿತ್ತು. 1994ರಲ್ಲಿ ಉದಯ ಟಿ.ವಿ. ಆರಂಭವಾದ ಮೇಲೆ ಹುಟ್ಟಿದ ತಲೆಮಾರಿಗೆ ಇದೇ ಕೆಲಸವನ್ನು ಮನೆಯೊಳಗಿನ ಟಿ.ವಿ. ಮಾಡಿತು. ಹಾಗಾಗಿ ಆ ತಲೆಮಾರಿನವರು ತಮ್ಮ ಬಾಲ್ಯದ ಸಿನಿಮಾ ಎಂದು ನೆನೆಯುವುದು ಎಷ್ಟೋ ಸಲ ತಾವು ಹುಟ್ಟುವ ಮೊದಲು ಬಂದ ಚಿತ್ರವನ್ನು.

ಇನ್ನು ಜಾಗದ ಮಾತು. ಬೆಂಗಳೂರಿನ ಮಟ್ಟಿಗೆ ಎಲ್ಲಕ್ಕಿಂತ ಗಾಢವಾದ ಸಂಗತಿಯಿದು. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಇಬ್ಬರು ಮನೋವಿಜ್ಞಾನಿಗಳು ಮುಳುಗುಗಾರರಿಗೆ ಪದಗಳ ಪಟ್ಟಿಯೊಂದನ್ನು ನೀರಿನಡಿಯಲ್ಲಿ ಕಲಿಸಿದರು, ಇನ್ನೊಂದನ್ನು ದಡದಲ್ಲಿ ಕಲಿಸಿದರು. ನೀರಿನಲ್ಲಿ ಕಲಿತದ್ದು ನೀರಿನಲ್ಲಿಯೇ ಹೆಚ್ಚು ನೆನಪಾಯಿತು, ದಡದಲ್ಲಿ ಕಲಿತದ್ದು ದಡದಲ್ಲಿ. ಅಂದರೆ ನೆನಪು ತಾನು ಹುಟ್ಟಿದ ಪರಿಸರವನ್ನೂ ಜೊತೆಗೇ ಕಟ್ಟಿಕೊಂಡಿರುತ್ತದೆ. ಈ ಊರಿನ ಬಸ್ ನಿಲ್ದಾಣದ ಸುತ್ತಲಿನ ಪ್ರದೇಶಕ್ಕೆ ಮೆಜೆಸ್ಟಿಕ್ ಎಂಬ ಹೆಸರು ಬಂದದ್ದೇ ಒಂದು ಚಿತ್ರಮಂದಿರದಿಂದ. ಕೆಂಪೇಗೌಡ ರಸ್ತೆಯ ಎರಡೂ ಬದಿಗೆ ಮತ್ತು ಗಾಂಧಿನಗರದ ಒಳರಸ್ತೆಗಳಲ್ಲಿ ಒಂದರ ಪಕ್ಕದಲ್ಲೊಂದು ಥಿಯೇಟರುಗಳಿದ್ದವು. ಒಂದು ಚಿತ್ರಕ್ಕೆ ‘ಮೈನ್ ಥಿಯೇಟರ್’ ಯಾವುದು, ಅದರ ಮುಂದೆ ಎಷ್ಟು ಎತ್ತರದ ಕಟೌಟ್ ನಿಂತಿದೆ, ಅದಕ್ಕೆ ಯಾವ ಬಡಾವಣೆಯ ಸಂಘದವರು ಹಾರ ಹಾಕಿದರು ಎಂಬುದೆಲ್ಲ ಚಿತ್ರದ ಭಾಗವೇ ಆಗಿತ್ತು. ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ್ದು, ಮುಂದೆ ಭೂಮಿಕಾ ಎಂದು ಹೆಸರು ಬದಲಿಸಿಕೊಂಡ ಸ್ಟೇಟ್ಸ್ ಚಿತ್ರಮಂದಿರದಲ್ಲಿ. ಆ ಚಿತ್ರವನ್ನು ಅಲ್ಲಿ ನೋಡಿದವರು ಕಥೆಯನ್ನು ಹೇಳುವಾಗ ಸಾಲಿನಲ್ಲಿ ನಿಂತ ಕಥೆಯನ್ನೂ ಸೇರಿಸಿಯೇ ಹೇಳುತ್ತಾರೆ.

ಆ ಕಟ್ಟಡಗಳು ಹೋದಾಗ ಏನಾಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 1968ರಲ್ಲಿ ಆರಂಭವಾದ ಕಪಾಲಿ 2017ರಲ್ಲಿ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ನಿಂತಿತು. 1974ರಿಂದ ನಡೆಯುತ್ತಿದ್ದ ಕಾವೇರಿ 2024ರಲ್ಲಿ ಇಲ್ಲವಾಯಿತು. ಸಾಗರ್, ಕೆಂಪೇಗೌಡ, ಪ್ಲಾಜಾ ಅದಕ್ಕೂ ಮೊದಲೇ ಹೋಗಿದ್ದವು. ಪ್ರತಿ ಸಲವೂ ಹಳೆಯ ಪ್ರೇಕ್ಷಕರು ಕಟ್ಟಡದ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದನ್ನು ಬರಿಯ ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ನೆನಪನ್ನು ಎಬ್ಬಿಸುವ ಗುರುತೊಂದು ನಿಜವಾಗಿಯೂ ಕಣ್ಮರೆಯಾಗುತ್ತಿತ್ತು. ಮರುಬಿಡುಗಡೆಯ ಚಿತ್ರಕ್ಕೆ ಜನ ಹೋಗುವುದು ಏಕೆ, ಮನೆಯ ಟಿ.ವಿ. ಏಕೆ ಸಾಲದು ಎಂಬ ಪ್ರಶ್ನೆಗೂ ಉತ್ತರದ ಒಂದು ಭಾಗ ಇಲ್ಲಿದೆ. ಕತ್ತಲೆ, ದೊಡ್ಡ ಪರದೆ ಮತ್ತು ಸುತ್ತಲಿನ ಅಪರಿಚಿತರ ಕೂಗಾಟ, ಇವಿಷ್ಟೂ ಸೇರಿದರೆ ಮಾತ್ರ ಕೆಲವು ನೆನಪುಗಳು ಮೇಲೆ ಬರುತ್ತವೆ.

ಆದರೆ ಹಾಗೆ ಮೇಲೆ ಬಂದದ್ದು ನಡೆದದ್ದರ ಯಥಾಪ್ರತಿಯಲ್ಲ. ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡೆರಿಕ್ ಬಾರ್ಟ್ಲೆಟ್ ಅಮೆರಿಕದ ಮೂಲನಿವಾಸಿಗಳ ಒಂದು ಜನಪದ ಕಥೆಯನ್ನು ಇಂಗ್ಲೆಂಡಿನ ಓದುಗರಿಗೆ ಕೊಟ್ಟು, ದಿನಗಳು ಕಳೆದ ಮೇಲೆ ಅದನ್ನು ಮರಳಿ ಬರೆಸುತ್ತಿದ್ದರು. ಸೀಲ್ ಬೇಟೆಗೆ ಹೊರಟವರು ಮರುಬರಹದಲ್ಲಿ ಮೀನು ಹಿಡಿಯಲು ಹೊರಟವರಾದರು. ಓದುಗರಿಗೆ ವಿಚಿತ್ರವೆನಿಸಿದ ಭಾಗಗಳು ಬಿಟ್ಟುಹೋದವು, ಉಳಿದವು ಅವರ ಪರಿಚಿತ ಲೋಕಕ್ಕೆ ಹೊಂದುವಂತೆ ತಿದ್ದಿಕೊಂಡವು. ನೆನಪೆಂದರೆ ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸ ಎಂದು ಅವರು 1932ರಲ್ಲೇ ವಾದಿಸಿದರು. ಇದರ ಜೊತೆಗೆ ಇನ್ನೊಂದು ಪ್ರವೃತ್ತಿಯೂ ಸೇರಿಕೊಳ್ಳುತ್ತದೆ. ಅಹಿತಕರ ಘಟನೆಗಳಿಗೆ ಅಂಟಿದ ನೋವು, ಹಿತಕರ ಘಟನೆಗಳಿಗೆ ಅಂಟಿದ ಸಂತೋಷಕ್ಕಿಂತ ಬೇಗ ಮಸುಕಾಗುತ್ತದೆ. ಘಟನೆ ನೆನಪಿರುತ್ತದೆ, ಅದರ ಕಹಿ ಇರುವುದಿಲ್ಲ.

ಹಳೆಯ ಸಿನಿಮಾ ದಿನಗಳಿಗೆ ಈ ಸೋಸುವಿಕೆ ಬಹಳ ಉಪಕಾರ ಮಾಡಿದೆ. ಗಾಂಧಿ ಕ್ಲಾಸಿನ ಬೆಂಚುಗಳಲ್ಲಿ ತಿಗಣೆಗಳಿದ್ದವು. ಬೀಡಿಯ ಹೊಗೆ ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ಸುತ್ತುತ್ತಿತ್ತು. ಟಿಕೆಟ್ ಕಿಟಕಿಯ ಮುಂದಿನ ಕಬ್ಬಿಣದ ಜಾಲರಿಯೊಳಗೆ ನೂಕುನುಗ್ಗಲಾದಾಗ ಪೊಲೀಸರ ಲಾಠಿ ಬೀಳುವುದೂ ಇತ್ತು, ಬ್ಲಾಕಿನಲ್ಲಿ ಮಾರುವವರಿಗೆ ದುಪ್ಪಟ್ಟು ದುಡ್ಡು ಕೊಡುವುದೂ ಇತ್ತು. ರೀಲು ಕಟ್ಟಾಗುತ್ತಿತ್ತು, ಕರೆಂಟು ಹೋಗುತ್ತಿತ್ತು. ಇವೆಲ್ಲ ಈಗ ನಗುತ್ತ ಹೇಳುವ ಪ್ರಸಂಗಗಳಾಗಿವೆ. ಎಷ್ಟೋ ಹೆಣ್ಣುಮಕ್ಕಳಿಗೆ ಸೆಕೆಂಡ್ ಶೋ ಎಂಬುದೇ ಇರಲಿಲ್ಲ ಎಂಬುದು ಮಾತ್ರ ಆ ಪ್ರಸಂಗಗಳಲ್ಲಿ ಅಷ್ಟಾಗಿ ಬರುವುದಿಲ್ಲ. ‘ನಮ್ಮ ಕಾಲ’ದ ಬಹುಪಾಲು ಕಥೆಗಳು ಗಂಡುಹುಡುಗರ ಕಥೆಗಳು. ತೆರೆಯ ಮೇಲೂ ಅಷ್ಟೇ. ನಾಯಕಿಯ ಕೆನ್ನೆಗೆ ಹೊಡೆದು ಬುದ್ಧಿ ಕಲಿಸುವ ನಾಯಕ ಆಗ ಚಪ್ಪಾಳೆ ಗಿಟ್ಟಿಸಿದ್ದು ನಮಗೆ ನೆನಪಿರುವುದಿಲ್ಲ, ಮಗಳ ಪಕ್ಕದಲ್ಲಿ ಕೂತು ಅದೇ ದೃಶ್ಯವನ್ನು ನೋಡಿದಾಗ ಮಾತ್ರ ಮೈ ಮುದುಡುತ್ತದೆ.

ಸೋಸುವಿಕೆ ಇನ್ನೊಂದು ಮಟ್ಟದಲ್ಲಿಯೂ ನಡೆಯುತ್ತದೆ. 1972 ಎಂದೊಡನೆ ಎರಡು ಮಹಾಚಿತ್ರಗಳು ಕಣ್ಣ ಮುಂದೆ ಬರುತ್ತವೆ; ಅದೇ ವರ್ಷ ಬಂದು, ಬಂದಷ್ಟೇ ಬೇಗ ಹೋದ ಉಳಿದ ಚಿತ್ರಗಳು ಯಾರ ನೆನಪಿಗೂ ಬರುವುದಿಲ್ಲ. ಈಗಿನ ವರ್ಷದ ಕೆಟ್ಟ ಚಿತ್ರಗಳು ಮಾತ್ರ ಇನ್ನೂ ನಮ್ಮ ಕಣ್ಣೆದುರೇ ಇವೆ. ಹೀಗೆ ಕಾಲ ಆರಿಸಿಕೊಟ್ಟ ಉತ್ತಮವಾದುದನ್ನು ಆರಿಸದೆ ಬಿದ್ದಿರುವ ರಾಶಿಯ ಜೊತೆ ತೂಗಿದರೆ ತಕ್ಕಡಿ ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ.

ಬಿಟ್ಟುಬಂದದ್ದಕ್ಕಾಗಿ ಪಡುವ ಈ ಹಂಬಲ ಒಂದು ಕಾಲದಲ್ಲಿ ರೋಗವೆಂದೇ ಎಣಿಸಲ್ಪಟ್ಟಿತ್ತು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರು ಬಿಟ್ಟು ದೂರ ಹೋದ ಸ್ವಿಸ್ ಜನರಲ್ಲಿ ಕಂಡ ಬಳಲಿಕೆಯನ್ನು ಬಾಸೆಲ್ ವಿಶ್ವವಿದ್ಯಾಲಯದ ತನ್ನ ಪ್ರಬಂಧದಲ್ಲಿ ಕಾಯಿಲೆಯಾಗಿ ವರ್ಣಿಸಿದ. ಈಗಿನ ಮನೋವಿಜ್ಞಾನ ಬೇರೆಯದನ್ನೇ ಹೇಳುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಷಟ್, ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಸಂಗಡಿಗರು 2006ರಿಂದೀಚೆಗೆ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಒಂಟಿತನ ಅಥವಾ ಬೇಸರ ಕಾಡಿದಾಗಲೇ ಜನ ಹೆಚ್ಚಾಗಿ ಹಿಂದಿನದನ್ನು ನೆನೆಯುತ್ತಾರೆ, ನೆನೆದ ಮೇಲೆ ತಮಗೆ ತಮ್ಮವರಿದ್ದಾರೆ ಎಂಬ ಭಾವ ಅವರಲ್ಲಿ ಹೆಚ್ಚುತ್ತದೆ. ಆ ನೆನಪುಗಳ ಕೇಂದ್ರದಲ್ಲಿ ಸಾಮಾನ್ಯವಾಗಿ ಬೇರೆ ಜನರಿರುತ್ತಾರೆ. ಹಳೆಯ ಸಿನಿಮಾ ನೆನೆಯುವವರನ್ನು ಸ್ವಲ್ಪ ಹೊತ್ತು ಮಾತನಾಡಿಸಿದರೆ ಇದು ತಾನಾಗಿ ತಿಳಿಯುತ್ತದೆ: ಕಥೆ ಎರಡು ವಾಕ್ಯದಲ್ಲಿ ಮುಗಿದುಹೋಗಿ, ಜೊತೆಗೆ ಬಂದಿದ್ದ ಸೋದರಮಾವನ ಮಾತು ಶುರುವಾಗುತ್ತದೆ.

ಬೆಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಿಗೆ ಕೆಲಸಕ್ಕೆಂದು ಹಾಸನ, ಮಂಡ್ಯ, ತುಮಕೂರು ಕಡೆಗಳಿಂದ ಬಂದು ನೆಲೆಸಿದವರಿಗೆ, ಊರಿನ ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ನೋಡಿದ ಚಿತ್ರವೇ ಬಿಟ್ಟುಬಂದ ಊರಿನ ಗುರುತಾಯಿತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಚಿತ್ರಗಳು ಕನ್ನಡ ಚಿತ್ರಗಳಿಗೆ ಸಮನಾಗಿ, ಕೆಲವೊಮ್ಮೆ ಅವನ್ನು ಹಿಂದಿಕ್ಕಿ ಓಡುತ್ತಿದ್ದ ಈ ಊರಿನಲ್ಲಿ ಕನ್ನಡ ಚಿತ್ರ ನೋಡುವುದಕ್ಕೆ ಮನರಂಜನೆಯನ್ನು ಮೀರಿದ ಅರ್ಥವೂ ಇತ್ತು. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಧುಮುಕಿದ ಮೇಲೆ ಆ ಅರ್ಥ ಇನ್ನೂ ಬಲವಾಯಿತು. ಹೀಗಾಗಿ ಇಲ್ಲಿನ ಕನ್ನಡಿಗರು ಹಳೆಯ ಚಿತ್ರಗಳಿಗಾಗಿ ಹಂಬಲಿಸುವಾಗ, ತಮ್ಮ ಯೌವನದ ಜೊತೆಗೆ ತಮ್ಮ ಭಾಷೆ ಬೀದಿಯಲ್ಲಿ ಹೆಚ್ಚು ಕೇಳಿಸುತ್ತಿದ್ದ ಒಂದು ಊರಿಗಾಗಿಯೂ ಹಂಬಲಿಸುತ್ತಿರುತ್ತಾರೆ. ಅಂಥ ಊರು ಅವರು ನೆನೆಯುವಷ್ಟು ಪೂರ್ಣವಾಗಿ ಎಂದಾದರೂ ಇತ್ತೇ ಎಂಬುದು ಚರ್ಚಾಸ್ಪದ.

ಇಷ್ಟು ಹೇಳಿದ ಮೇಲೆ, ಆಗಿನ ಸಿನಿಮಾಗಳೇ ಚೆನ್ನಾಗಿದ್ದವು ಎಂಬ ಮೊದಲನೆಯ ಮಾತಿಗೂ ನ್ಯಾಯ ಸಲ್ಲಬೇಕು, ಏಕೆಂದರೆ ತಲೆಯೊಳಗೆ ಮಾತ್ರವಲ್ಲದೆ ಹೊರಗೂ ಬದಲಾದ ಸಂಗತಿಗಳಿವೆ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ; ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ, ಅಂದರೆ ಹದಿನಾಲ್ಕು ರೀಲುಗಳ ಹೊರೆ. ಒಂದೊಂದು ಪ್ರಿಂಟಿಗೂ ಸಾಕಷ್ಟು ಖರ್ಚಾಗುತ್ತಿದ್ದುದರಿಂದ ಕೆಲವೇ ಪ್ರಿಂಟುಗಳನ್ನು ತೆಗೆಸಿ, ಮೊದಲು ದೊಡ್ಡ ಊರುಗಳಲ್ಲಿ ಓಡಿಸಿ, ತಿಂಗಳುಗಳ ನಂತರ ಅವನ್ನೇ ಸಣ್ಣ ಊರುಗಳಿಗೆ ಕಳಿಸುತ್ತಿದ್ದರು. ಒಂದೇ ಪ್ರಿಂಟನ್ನು ಎರಡು ಥಿಯೇಟರುಗಳು ಹಂಚಿಕೊಂಡಾಗ ಮುಗಿದ ರೀಲುಗಳನ್ನು ಹುಡುಗನೊಬ್ಬ ಸೈಕಲ್ಲಿನಲ್ಲಿ ಇನ್ನೊಂದಕ್ಕೆ ಸಾಗಿಸುತ್ತಿದ್ದ. ಈ ವ್ಯವಸ್ಥೆಯಲ್ಲಿ ಚಿತ್ರವೊಂದು ನೂರು ದಿನ, ಇಪ್ಪತ್ತೈದು ವಾರ ನಿಂತರೆ ಮಾತ್ರ ಎಲ್ಲರೂ ನೋಡಲು ಸಾಧ್ಯವಿತ್ತು, ಹಾಗೆ ನಿಂತದ್ದರಿಂದಲೇ ಎಲ್ಲರೂ ನೋಡಿದರು. ಪ್ರೊಜೆಕ್ಷನ್ ಡಿಜಿಟಲ್ ಆದ ಮೇಲೆ ಒಂದೇ ದಿನ ನೂರಾರು ಪರದೆಗಳಲ್ಲಿ ಬಿಡುಗಡೆ ಮಾಡಿ, ಮೊದಲ ವಾರಾಂತ್ಯದಲ್ಲೇ ಹಣ ಎತ್ತುವುದು ಸುಲಭವಾಯಿತು. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ವರ್ಷಕ್ಕೂ ಮೀರಿ ಓಡಿದ ‘ಮುಂಗಾರು ಮಳೆ’ ಈ ಎರಡು ಕಾಲಗಳ ನಡುವಿನ ಗಡಿಯಲ್ಲಿ ನಿಂತ ಚಿತ್ರ. ಊರಿಗೆ ಊರೇ ಒಂದು ಚಿತ್ರವನ್ನು ತಿಂಗಳುಗಟ್ಟಲೆ ಹಂಚಿಕೊಂಡ ಅನುಭವ ಈಗ ಕಡಿಮೆಯಾಗಿದೆ ಎಂದು ಹಿರಿಯರು ಹೇಳಿದರೆ ಅದು ಭ್ರಮೆಯಲ್ಲ, ಸರಿಯಾದ ಮಾತು. ಅದರಿಂದ ಚಿತ್ರಗಳೇ ಕೆಟ್ಟವೆಂದು ತೀರ್ಮಾನಿಸುವುದು ಮಾತ್ರ ಬೇರೆ ಹೆಜ್ಜೆ, ಅದಕ್ಕೆ ಬೇರೆ ಪುರಾವೆ ಬೇಕು.

ಹಾಗಾದರೆ ‘ಎ’ ಬಂದಾಗ ಹುಟ್ಟಿಯೂ ಇರದ ಇಪ್ಪತ್ತರ ಹುಡುಗರು ಅದರ ಮರುಬಿಡುಗಡೆಗೆ ಏಕೆ ಹೋದರು? ಕ್ಯಾರಲ್ ಕ್ರಮ್‌ಹ್ಯಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಎಂಬ ಸಂಶೋಧಕರು 2013ರಲ್ಲಿ ಸುಮಾರು ಇಪ್ಪತ್ತು ವರ್ಷದ ಯುವಕರಿಗೆ ಹಳೆಯ ಜನಪ್ರಿಯ ಹಾಡುಗಳನ್ನು ಕೇಳಿಸಿ ನೋಡಿದಾಗ, ಅವರ ತಂದೆತಾಯಿಯರ ಯೌವನದ ಹಾಡುಗಳಿಗೂ ಒಂದು ಉಬ್ಬು ಕಾಣಿಸಿತು. ಮನೆಯಲ್ಲಿ, ಕಾರಿನಲ್ಲಿ ಅಪ್ಪ ಅಮ್ಮ ಹಾಕುವ ಹಾಡು ಮಕ್ಕಳ ಬಾಲ್ಯದೊಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಈ ಹಂಬಲಕ್ಕೆ ಸ್ವಂತ ಯೌವನವೇ ಬೇಕೆಂದಿಲ್ಲ, ಅದು ಮನೆಯಿಂದ ಬಳುವಳಿಯಾಗಿಯೂ ಬರುತ್ತದೆ.

ಈ ಬಳುವಳಿಗೆ ಮಾರುಕಟ್ಟೆಯೂ ಇದೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಬಣ್ಣ ತಳೆದು ಬಂದಿತು, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಹಾಗೆಯೇ ಬಂದಿತು, ‘ನಾಗರಹಾವು’ 2018ರಲ್ಲಿ ಹೊಸ ತಂತ್ರಜ್ಞಾನದೊಡನೆ ತೆರೆ ಕಂಡಿತು. ಹೊಸ ಚಿತ್ರ ನಿರ್ಮಿಸುವುದಕ್ಕೆ ಹೋಲಿಸಿದರೆ ಇದರ ಖರ್ಚು ಅಲ್ಪ, ಪ್ರೇಕ್ಷಕರು ಸಿದ್ಧವಾಗಿಯೇ ಇದ್ದಾರೆ. ಕಪ್ಪುಬಿಳುಪಿಗೆ ಬಣ್ಣ ಹಚ್ಚುವುದು ನನಗಂತೂ ಒಪ್ಪಿತವಲ್ಲ. ಛಾಯಾಗ್ರಾಹಕ ನೆರಳು ಬೆಳಕಿನಲ್ಲಿ ಯೋಚಿಸಿದ್ದನ್ನು ಅದು ಅಳಿಸಿಹಾಕುತ್ತದೆ. ಆದರೆ ಮರುಬಿಡುಗಡೆಯ ನಿಜವಾದ ಮಿತಿ ಬಣ್ಣದ್ದಲ್ಲ, ಫಿಲ್ಮಿನದು. ಆ ಕಾಲದ ಬಹುಪಾಲು ಕನ್ನಡ ಚಿತ್ರಗಳ ಸಂಸ್ಕರಣೆ ನಡೆದದ್ದು ಮದರಾಸಿನ ಲ್ಯಾಬುಗಳಲ್ಲಿ. ಆಗ ಬಳಕೆಯಲ್ಲಿದ್ದ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮನ್ನು ಸೆಕೆಯಲ್ಲಿ ಇಟ್ಟರೆ ಅದು ವಿನಿಗರ್ ವಾಸನೆ ಸೂಸುತ್ತ ಕುಗ್ಗಿ ಸುರುಟಿಕೊಳ್ಳುತ್ತದೆ. ಎಪ್ಪತ್ತರ ದಶಕದ ಬಣ್ಣದ ಪ್ರಿಂಟುಗಳಲ್ಲಿ ನೀಲಿ ಹಸಿರುಗಳು ಮಾಸಿ ಕೊನೆಗೆ ಕೆಂಪು ಛಾಯೆಯೊಂದೇ ಉಳಿಯುತ್ತದೆ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಪುಣೆಯಲ್ಲಿ ಆರಂಭವಾದದ್ದು 1964ರಲ್ಲಿ, ಅಂದರೆ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡ 1934ರಿಂದ ಮೂವತ್ತು ವರ್ಷಗಳ ನಂತರ. ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಂತರದ ದಶಕಗಳ ಎಷ್ಟೋ ಚಿತ್ರಗಳು ಕೂಡ ಒಳ್ಳೆಯ ನೆಗೆಟಿವ್ ಇಲ್ಲದೆ, ಅಂಚು ಕತ್ತರಿಸಿ ಮೂಲೆಯಲ್ಲಿ ವಾಹಿನಿಯ ಲಾಂಛನ ಹೊತ್ತ ಟಿ.ವಿ. ಪ್ರತಿಗಳಾಗಿ ಮಾತ್ರ ಸಿಗುತ್ತವೆ, ಅಂಥವನ್ನು ಯೌವನದಲ್ಲಿ ಮೆಚ್ಚಿದವರಿಗೆ ಮರುಬಿಡುಗಡೆಯ ಟಿಕೆಟ್ ಸಿಗುವ ಸಂಭವ ಕಡಿಮೆ.